ಮಾದರಿ ದರ ಹೇಳುವ ಹುಡುಗಿ

ತಿಪಟೂರಿನ ಎಪಿಎಂಸಿಯಲ್ಲಿ ಹರಾಜು ನಡೆದ ದಿನ ಕೊಬ್ಬರಿ ದರದ ಪಟ್ಟಿ ಹೊರಬೀಳುತ್ತದೆ. ಅದರಲ್ಲಿ ಮೂರು ಅಂಕಿಗಳಿರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ನಮ್ಮ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವುದು ಮಾತ್ರ ಒಂದೇ ಅಂಕಿ, ಗರಿಷ್ಠ. ಹಿಂದೊಂದು ಬೆಂಕಿಯ ಚಿತ್ರ, ಮುಂದೆ ಎರಡು ಬಾಣ, 'ಕೊಬ್ಬರಿ ಮತ್ತೆ ಏರಿಕೆ' ಅನ್ನುವ ಸಾಲು.

ನನ್ನ ವಿದ್ಯಾರ್ಥಿನಿಯೊಬ್ಬಳು ಎರಡನೇ ವರ್ಷದ ಬಿ.ಎ.ಯಲ್ಲಿದ್ದಾಗ ತನ್ನ ಸ್ಟೇಟಸ್ಸಿನಲ್ಲಿ ಈ ದರ ಹಾಕಲು ಶುರುಮಾಡಿದಳು. ಪತ್ರಿಕೋದ್ಯಮ ಅವಳ ಐಚ್ಛಿಕ ವಿಷಯ. ಮನೆಯಲ್ಲಿ ತೆಂಗಿನ ತೋಟವಿದೆ, ಅಟ್ಟದ ಮೇಲೆ ಕಾಯಿ ಇದೆ. ಮೊದಲ ವಾರ ಅವಳೂ ಗರಿಷ್ಠ ದರವನ್ನೇ ಹಾಕಿದಳು. ಪಕ್ಕದ ಊರಿನ ರೈತರೊಬ್ಬರು, ಅವಳ ತಾತನ ವಾರಗೆಯವರು, ಅದನ್ನು ಮೊಮ್ಮಗನಿಂದ ಓದಿಸಿಕೊಂಡು, ಆಳು ಹಿಡಿದು ಕಾಯಿ ಸುಲಿಸಿ, ಗಿಟುಕು, ಎಂದರೆ ಒಣಗಿದ ಇಡೀ ಕೊಬ್ಬರಿ, ಚೀಲಕ್ಕೆ ತುಂಬಿಸಿ, ಲಗೇಜ್ ಆಟೋ ಹೇಳಿ ಮುಂದಿನ ಹರಾಜಿಗೆ ತಂದರು. ಅವರಿಗೆ ಬಿದ್ದ ದರ ಕ್ವಿಂಟಾಲಿಗೆ ಹೆಚ್ಚುಕಡಿಮೆ ಒಂದು ಸಾವಿರ ಕಮ್ಮಿ. ವಾಪಸ್ ಹೋಗುವಾಗ ಇವಳ ಮನೆ ಮುಂದೆ ಆಟೋ ನಿಲ್ಲಿಸಿದರಂತೆ. ಬೈಯಲಿಲ್ಲ. "ಅಲ್ಲ ಕಣವ್ವ, ನೀನು ಹಾಕಿದ್ದ ರೇಟು ಯಾರಿಗೆ ಬಿತ್ತು?" ಎಂದಷ್ಟೇ ಕೇಳಿದರಂತೆ.

ಮರುದಿನ ಬೆಳಗ್ಗೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದ ಮಾತು ಇದು: "ನಾನು ಸುಳ್ಳು ಹಾಕಿಲ್ಲ ಮೇಡಂ. ಪಟ್ಟೀಲಿ ಇದ್ದಿದ್ದನ್ನೇ ಹಾಕಿದ್ದು."

ನಿಜ, ಅವಳು ಸುಳ್ಳು ಹಾಕಿರಲಿಲ್ಲ. ಆದರೂ ಒಬ್ಬ ಮನುಷ್ಯ ಅದನ್ನು ನಂಬಿ ಆಳಿನ ಕೂಲಿ, ಆಟೋ ಬಾಡಿಗೆ ಕೊಟ್ಟು ಮೋಸಹೋಗಿದ್ದರು. ಸಾಮಾಜಿಕ ಜಾಲತಾಣವನ್ನು ವಿದ್ಯಾರ್ಥಿಗಳು ಹೇಗೆ ಬಳಸಬೇಕು ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಆ ಆಟೋ. ಹೇಳುವವರಿಗೆ ಒಂದು ಅಂಕಿ, ಕೇಳುವವರಿಗೆ ಒಂದು ವರ್ಷದ ಬೆಳೆ.

ಅವತ್ತು ಪಾಠ ಬಿಟ್ಟು ನಾವಿಬ್ಬರೂ ಆ ಪಟ್ಟಿಯನ್ನೇ ಓದಿದೆವು. ಗರಿಷ್ಠ ದರ ಎಂದರೆ ಆ ದಿನ ಯಾವುದೋ ಒಂದು ಲಾಟಿಗೆ ಸಿಕ್ಕ ಅತಿ ಹೆಚ್ಚಿನ ಬೆಲೆ. ಅದು ನೂರಾರು ಚೀಲಗಳ ನಡುವೆ ನಾಲ್ಕೇ ಚೀಲದ ಒಳ್ಳೆಯ ಮಾಲು ಆಗಿರಬಹುದು. ಮಾದರಿ ದರ ಎಂದರೆ ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೋ ಅದು. ಪಕ್ಕದಲ್ಲಿ ಆವಕ, ಎಂದರೆ ಆ ದಿನ ಮಾರುಕಟ್ಟೆಗೆ ಬಂದ ಮಾಲು, ಎಷ್ಟು ಎಂದೂ ಇರುತ್ತದೆ. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ರಾಜ್ಯದ ಮಾರುಕಟ್ಟೆಗಳ ಈ ವಿವರವೆಲ್ಲ ದಿನವೂ ಸಿಗುತ್ತದೆ, ಯಾರು ಬೇಕಾದರೂ ನೋಡಬಹುದು. ಅಂದರೆ ಮಾಹಿತಿಗೆ ಕೊರತೆ ಇರಲಿಲ್ಲ. ಅದನ್ನು ರೈತನ ಕಡೆಯಿಂದ ಓದಿ ಹೇಳುವವರು ಇರಲಿಲ್ಲ.

ನಾನು ಕಾಲೇಜಿಗೆ ಬರುವ ಮುಂಚೆ ಹನ್ನೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಅಲ್ಲೂ ನಾವು ಶೀರ್ಷಿಕೆಗೆ ಎತ್ತಿಕೊಳ್ಳುತ್ತಿದ್ದುದು ಗರಿಷ್ಠ ದರವನ್ನೇ. ಆ ಅಭ್ಯಾಸವನ್ನು ಪ್ರಶ್ನಿಸಬೇಕು ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಅದನ್ನು ನನಗೆ ತೋರಿಸಿಕೊಟ್ಟದ್ದು ಆ ರೈತರು ಕೇಳಿದ ಒಂದು ಪ್ರಶ್ನೆ, ಹತ್ತೊಂಬತ್ತು ವರ್ಷದ ಹುಡುಗಿಯ ಮೂಲಕ.

ಅಂದಿನಿಂದ ಅವಳು ಮಾದರಿ ದರ ಮೊದಲು, ಆವಕ ಎಷ್ಟು ಎಂಬುದು ಎರಡನೆಯದು, ಗರಿಷ್ಠ ಕೊನೆಗೆ ಎಂದು ಕ್ರಮ ಮಾಡಿಕೊಂಡಳು. ಎರಡು ಮೂರು ತಿಂಗಳಾದ ಮೇಲೆ ಬರೆಯುವುದನ್ನು ಬಿಟ್ಟು ನಲವತ್ತು ಸೆಕೆಂಡಿನ ಧ್ವನಿ ಸಂದೇಶ ಮಾಡಿದಳು. ಅದಕ್ಕೆ ಕಾರಣ ಅವಳ ತಾತ. ಅವರಿಗೆ ಓದು ಬರುವುದಿಲ್ಲ, ಬಂದರೂ ಆ ಸಣ್ಣ ಅಕ್ಷರ ಕಾಣುವುದಿಲ್ಲ. ಆದರೆ ಮೈಕಿನ ಗುರುತು ಒತ್ತಿದರೆ ಮಾತು ಕೇಳುತ್ತದೆ ಎಂದು ಗೊತ್ತು. ಯಾವ ರೂಪದಲ್ಲಿ ಹೇಳಬೇಕು ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ನನ್ನ ಪಾಠದ ಟಿಪ್ಪಣಿಗಳಲ್ಲಿ ಇಲ್ಲ. ರೀಲ್ಸ್ ಓಡುತ್ತಿದೆ ಎಂದು ರೀಲ್ಸ್ ಮಾಡುವ ಹುಡುಗರಿಗೆ ನಾನು ಈಗ ಕೇಳುವುದು ಒಂದೇ: ನಿನ್ನ ಮಾತು ಕೇಳಬೇಕಾದವರು ಫೋನನ್ನು ಹೇಗೆ ಹಿಡಿಯುತ್ತಾರೆ, ನೋಡಿದ್ದೀಯಾ?

ನಮ್ಮ ನಾಡಿನಲ್ಲಿ ಈ ಬಗೆಯ ಮಾತಿಗೆ ಹಳೆಯ ದಾರಿಯಿದೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಪ್ರೇಷಕ (ಟ್ರಾನ್ಸ್‌ಮಿಟರ್) ಇಟ್ಟುಕೊಂಡು ಬಾನುಲಿ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಬೆಳೆದದ್ದು ಅಲ್ಲಿಂದ. ಇನ್ನೂ ಹತ್ತಿರದ ಕಾಲಕ್ಕೆ ಬಂದರೆ, ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಪ್ರಯತ್ನ ನಡೆಯಿತು. ಸಮುದಾಯ ಸಂಸ್ಥೆಗಳಿಗೆ ಬಾನುಲಿ ನಡೆಸುವ ಅವಕಾಶ ಸಿಕ್ಕಿದ್ದು 2006ರಲ್ಲಿ. ಅದಕ್ಕೂ ಮೊದಲೇ ಊರಿನವರು ಕೇಬಲ್ ತಂತಿಯ ಮೂಲಕ ತಮ್ಮ ಕಾರ್ಯಕ್ರಮಗಳನ್ನು ಮನೆಮನೆಗೆ ಮುಟ್ಟಿಸಿದರು. ಇವತ್ತಿನ ವಿದ್ಯಾರ್ಥಿಯ ಜೇಬಿನಲ್ಲಿ ಪ್ರೇಷಕವೂ ಇದೆ, ತಂತಿಯಿಲ್ಲದ ದಾರಿಯೂ ಇದೆ. ಬೂದಿಕೋಟೆಯವರಿಗೆ ಗೊತ್ತಿದ್ದ ಇನ್ನೊಂದು ಸಂಗತಿ, ಎಂದರೆ ಕೇಳುವವರ ಹೆಸರು ಮುಖ, ನಮ್ಮ ಮಕ್ಕಳಿಗೆ ಗೊತ್ತಿರುವುದಿಲ್ಲ. ಸಾವಿರ ಫಾಲೋವರ್ಸ್ ಎಂಬ ಅಂಕಿಯ ಹಿಂದೆ ಆ ಮುಖಗಳು ಮರೆಯಾಗುತ್ತವೆ.

ಹೊಸಬರು ನನ್ನ ಬಳಿ ಬಂದು ಏನು ಬರೆಯಲಿ ಎಂದು ಕೇಳಿದರೆ ರಾಜಕೀಯದ ಅಭಿಪ್ರಾಯ, ಸಿನಿಮಾ ವಿಮರ್ಶೆ ಬೇಡ ಅನ್ನುವುದಿಲ್ಲ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಅಷ್ಟೇ. ನಿಮ್ಮ ಊರಿಗೆ ಕೊನೆಯ ಬಸ್ಸು ನಿಂತುಹೋದದ್ದನ್ನು, ಕುಡಿಯುವ ನೀರಿನ ಘಟಕ ಕೆಟ್ಟು ಎಷ್ಟು ದಿನವಾಯಿತು ಎಂಬುದನ್ನು, ಗ್ರಾಮ ಪಂಚಾಯಿತಿಯ ಮಳೆಮಾಪಕದಲ್ಲಿ ನಿನ್ನೆ ಎಷ್ಟು ಮಿಲಿಮೀಟರ್ ದಾಖಲಾಯಿತು ಎಂಬುದನ್ನು ಹೇಳುವವರು ನೀವೊಬ್ಬರೇ. ಹೊಲ ಚಿಕ್ಕದಿರಲಿ, ಉಳುಮೆ ಆಳವಾಗಿರಲಿ.

ಉಳುಮೆಗೆ ನಾನು ಕೊಡುವ ಮೊದಲ ನೇಗಿಲು ಮಾಹಿತಿ ಹಕ್ಕಿನ ಅರ್ಜಿ. 2005ರ ಕಾಯ್ದೆ ನಮ್ಮ ಮಕ್ಕಳಿಗೆ ಪರೀಕ್ಷೆಗೆ ಓದಲು ಗೊತ್ತು, ಬಳಸಲು ಗೊತ್ತಿಲ್ಲ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳ ಒಳಗೆ ಇರಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಸಾಮಾನ್ಯವಾಗಿ 30 ದಿನ. ಪದಗಳ ಮಿತಿಯ ಬಗ್ಗೆ ನನಗೆ ತಕರಾರಿದೆ. ಓದು ಕಡಿಮೆ ಇರುವವರಿಗೆ ಅದು ತೊಡಕೇ. ಆದರೆ ತರಗತಿಯಲ್ಲಿ ಅದು ಒಳ್ಳೆಯ ಸಾಣೆಕಲ್ಲು. 'ನಮ್ಮೂರಿನ ರಸ್ತೆ ಯಾಕೆ ಹಾಳಾಗಿದೆ' ಎಂದು ಬರೆದವರಿಗೆ ಉತ್ತರ ಬರುವುದಿಲ್ಲ. ಇಂಥ ರಸ್ತೆಗೆ ಇಂಥ ವರ್ಷ ಮಂಜೂರಾದ ಮೊತ್ತ, ಕಾಮಗಾರಿ ಆದೇಶದ ಪ್ರತಿ, ಬಿಲ್ ಪಾವತಿಯ ದಿನಾಂಕ ಕೊಡಿ ಎಂದು ಬರೆದವರಿಗೆ ಕಾಗದ ಬರುತ್ತದೆ. ಸಿಟ್ಟನ್ನು ಪ್ರಶ್ನೆಯಾಗಿಸುವ ಕಲೆ ಅಲ್ಲಿ ಸಿದ್ಧಿಸುತ್ತದೆ. ಅರ್ಜಿ ಹಾಕಿದ ದಿನ ಒಂದು ಪೋಸ್ಟ್, ಉತ್ತರ ಬಂದ ದಿನ ಇನ್ನೊಂದು, ಕಾಗದ ಹಿಡಿದು ರಸ್ತೆ ನೋಡಿಬಂದ ದಿನ ಮತ್ತೊಂದು. ಒಂದು ತಿಂಗಳ ತಾಳ್ಮೆಯಿಂದ ಹುಟ್ಟಿದ ಆ ಮೂರು ಪೋಸ್ಟ್‌ಗಳನ್ನು ಊರಿನವರು ಓದಿಯೇ ಓದುತ್ತಾರೆ.

ಈಗ ನನ್ನದೇ ಒಂದು ತಪ್ಪಿನ ಬಗ್ಗೆ ಹೇಳಬೇಕು.

ಬರದ ವರ್ಷಗಳು ಕಳೆದು ಮಳೆ ಹಿಡಿದ ಒಂದು ಹಿಂಗಾರಿನಲ್ಲಿ ಯಾರೋ ನನಗೆ ಕೆರೆ ಕೋಡಿ ಬಿದ್ದ ಫೋಟೋ ಕಳಿಸಿದರು. ನಮ್ಮ ಬಯಲುಸೀಮೆಯಲ್ಲಿ ಕೋಡಿ ಬೀಳುವುದೆಂದರೆ ಹಬ್ಬ. ಬಾಗಿನ ಬಿಡಲು ಹೋಗುತ್ತಾರೆ, ದೂರದಲ್ಲಿರುವ ಮಕ್ಕಳಿಗೆ ಫೋನ್ ಮಾಡುತ್ತಾರೆ. ನನ್ನ ಸಂತೋಷಕ್ಕೆ ಕೈ ತಡೆಯಲಿಲ್ಲ. ಫೇಸ್‌ಬುಕ್ಕಿನಲ್ಲಿ ಹಾಕಿಬಿಟ್ಟೆ. ನೂರಾರು ಜನ ಹಂಚಿಕೊಂಡರು. ಅದು ಹಿಂದಿನ ಯಾವುದೋ ವರ್ಷದ ಫೋಟೋ, ಆ ಸಲ ಕೆರೆ ಅರ್ಧವೂ ತುಂಬಿರಲಿಲ್ಲ ಎಂದು ಸಂಜೆ ಗೊತ್ತಾಯಿತು. ನಾನು ಸದ್ದಿಲ್ಲದೆ ಪೋಸ್ಟ್ ಅಳಿಸಿದೆ. ಮರುದಿನ ಒಬ್ಬ ಹೆಣ್ಣುಮಗಳು ಇನ್‌ಬಾಕ್ಸಿನಲ್ಲಿ ಬರೆದರು: "ಅಕ್ಕ, ನಿಮ್ಮ ಫೋಟೋ ನೋಡಿ ಅಮ್ಮನ್ನ ಕರ್ಕೊಂಡು ಹೋಗಿದ್ದೆ. ಅಮ್ಮ ಏರಿ ಮೇಲೆ ಕೂತು ಅತ್ತರು."

ಅಳಿಸಿದ್ದರಿಂದ ಏನೂ ಸರಿಹೋಗಿರಲಿಲ್ಲ. ಹಂಚಿಕೊಂಡವರಿಗೆ ಅದು ಹಳೆಯ ಫೋಟೋ ಎಂದು ತಿಳಿಸುವ ದಾರಿಯನ್ನೂ ನಾನೇ ಮುಚ್ಚಿಹಾಕಿದ್ದೆ. ಮೂರನೆಯ ದಿನ, ತಪ್ಪಾಗಿದೆ, ಫೋಟೋ ಈ ವರ್ಷದ್ದಲ್ಲ ಎಂದು ಬರೆದೆ. ಅದನ್ನು ಹಂಚಿಕೊಂಡವರು ಬೆರಳೆಣಿಕೆಯಷ್ಟು. ಸುಳ್ಳಿಗಿರುವ ಕಾಲು ತಿದ್ದುಪಡಿಗೆ ಇರುವುದಿಲ್ಲ. ಆದರೂ ಅದನ್ನು ಮಾಡಲೇಬೇಕು, ಅದೂ ಮೊದಲ ಪೋಸ್ಟಿನ ಮೇಲೆಯೇ, ಮೊದಲ ಸಾಲಿನಲ್ಲೇ. ಗೂಗಲ್ ಲೆನ್ಸಿನಲ್ಲಿ ಆ ಚಿತ್ರ ಹಾಕಿ ನೋಡಿದ್ದರೆ ಬಹುಶಃ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಅದಕ್ಕಿಂತ ಸುಲಭವಾಗಿ, ಕೆರೆಯ ಪಕ್ಕದ ಊರಿನ ಒಬ್ಬರಿಗೆ ಫೋನ್ ಮಾಡಬಹುದಿತ್ತು. ಪರಿಶೀಲನೆ ಎಂದರೆ ತಂತ್ರಾಂಶ ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಬಹಳ ಸಲ ಅದು ಒಂದು ಫೋನ್ ಕರೆ.

ನನ್ನ ತಪ್ಪಿನಿಂದ ಒಬ್ಬ ತಾಯಿ ಅತ್ತರು. 2018ರಲ್ಲಿ ಆದದ್ದು ಅದಕ್ಕಿಂತ ಬಹಳ ಘೋರ. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ದೇಶದ ಉದ್ದಗಲಕ್ಕೂ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ಒಬ್ಬನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬ ಗುಂಪಿನ ಹಲ್ಲೆಗೆ ಬಲಿಯಾದ. ಅವನೂ ಜೊತೆಗಿದ್ದವರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಆ ದಿನಗಳಲ್ಲಿ ಎಲ್ಲರ ಫೋನಿಗೂ ಬಂದಿದ್ದ ಒಂದು ವಿಡಿಯೊದಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಮೂಲದಲ್ಲಿ ಅವರು ಮಗುವನ್ನು ಮರಳಿ ತಂದುಬಿಟ್ಟು, ಎಚ್ಚರಿಕೆಯ ಫಲಕ ಎತ್ತಿ ಹಿಡಿಯುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.

ಈ ವಿಡಿಯೊದ ಕಥೆಯನ್ನು ಪ್ರತಿ ವರ್ಷ ಹೊಸ ತಂಡಕ್ಕೆ ಹೇಳುತ್ತೇನೆ, ಪ್ರತಿ ವರ್ಷವೂ ತರಗತಿ ಸ್ತಬ್ಧವಾಗುತ್ತದೆ. ಆ ಜುಲೈನಲ್ಲೇ ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಹಾಕಲು ಹೊರಟಿತು. ಮಿತಿ ಹಾಕಿದ್ದು ಒಳ್ಳೆಯದೇ. ನನಗೆ ಬೇಕಿರುವುದು ಬೆರಳು ತಾನಾಗಿಯೇ ನಿಲ್ಲುವ ಅಭ್ಯಾಸ. ಇದರ ಮುಂದಿನ ಭಾಗ ಎಲ್ಲಿದೆ, ಮೊದಲು ಹಾಕಿದವರು ಯಾರು, ಅವರು ಅಲ್ಲಿದ್ದರೇ ಎಂದು ಕೇಳಿಕೊಳ್ಳುವಷ್ಟು ಹೊತ್ತು.

ಕೆಲವನ್ನು ನಿಜವಾಗಿದ್ದರೂ ಹಾಕಬಾರದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಫೋಟೋ, ಮನೆ, ಶಾಲೆ, ಗುರುತು ಸಿಗುವ ಏನನ್ನೂ ಮಾಧ್ಯಮಗಳಲ್ಲಿ ಬಹಿರಂಗಪಡಿಸದಂತೆ ಪೋಕ್ಸೊ ಕಾಯ್ದೆಯ 23ನೇ ಕಲಂ ತಡೆಯುತ್ತದೆ. ನಾವು ಪತ್ರಕರ್ತರಲ್ಲ, ಬರೀ ಸ್ಟೇಟಸ್ ಹಾಕಿದ್ದು ಎಂದು ಪಾರಾಗಲು ಬರುವುದಿಲ್ಲ. 'ನ್ಯಾಯ ಸಿಗಲಿ' ಎಂದು ಸಂತ್ರಸ್ತೆಯ ಫೋಟೋ ಹಾಕುವ ಒಳ್ಳೆಯ ಮನಸ್ಸಿನ ಹುಡುಗರೇ ಇಲ್ಲಿ ಹೆಚ್ಚು ಎಡವುತ್ತಾರೆ.

ಇನ್ನು ಕನ್ನಡದ ಮಾತು. ನಮ್ಮ ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಇದ್ದ. ಫೋನು ಅಕ್ಷರಗಳನ್ನು ಓದಿ ಹೇಳುತ್ತದೆ, ಅವನು ಇಯರ್‌ಫೋನಿನಲ್ಲಿ ಕೇಳುತ್ತಾನೆ. ಒಂದು ದಿನ ಅವನು ಎಲ್ಲರ ಮುಂದೆ ಹೇಳಿದ: "ನೀವು ಕಳಿಸೋದೆಲ್ಲ ನನ್ನ ಫೋನಿಗೆ ಬರೀ ಇಮೇಜ್ ಅಂತ ಕೇಳ್ಸುತ್ತೆ. ಒಳಗೆ ಏನಿದೆ ಅಂತ ನಾನು ಯಾರನ್ನ ಕೇಳ್ಲಿ?" ನಮ್ಮ ಕಾಲೇಜಿನ ಕಾರ್ಯಕ್ರಮದ ಕರಪತ್ರ, ಕವನ, ಕೊಬ್ಬರಿ ದರ ಎಲ್ಲವೂ ಚೆಂದದ ಬಣ್ಣದ ಚಿತ್ರಗಳಾಗಿದ್ದವು. ಅಕ್ಷರ ಚಿತ್ರದೊಳಗೆ ಸಿಕ್ಕಿಹಾಕಿಕೊಂಡರೆ ಅವನಿಗೆ ತಲುಪುವುದಿಲ್ಲ. ಆರು ತಿಂಗಳ ನಂತರ ಹುಡುಕುವವರಿಗೂ ಸುಲಭಕ್ಕೆ ಸಿಗುವುದಿಲ್ಲ. ಚಿತ್ರ ಹಾಕಿ, ಆದರೆ ಅದರ ಕೆಳಗೆ ಊರು, ದಿನಾಂಕ, ವಿಷಯವನ್ನು ಯುನಿಕೋಡ್ ಕನ್ನಡದಲ್ಲಿ ಪೂರ್ತಿಯಾಗಿ ಟೈಪ್ ಮಾಡಿ ಎಂದು ಅಂದಿನಿಂದ ನಿಯಮ ಮಾಡಿದೆವು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಚಿತ್ರದ ವಿವರಣೆ ಬರೆಯಲೆಂದೇ ಆಲ್ಟ್ ಟೆಕ್ಸ್ಟ್ ಎಂಬ ಜಾಗವಿದೆ, ಹೆಚ್ಚಿನವರು ಅದನ್ನು ತೆರೆದೇ ನೋಡಿರುವುದಿಲ್ಲ. ಡಿಟಿಪಿ ಅಂಗಡಿಯಿಂದ ಬರುವ ಹಳೆಯ ನುಡಿ ಫಾಂಟಿನ ಬರಹವನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಅದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. 'ಹೇಗಿದ್ದೀರ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅಭ್ಯಾಸ ಬಿಡಿಸುವುದಕ್ಕೆ ಭಾಷಾಭಿಮಾನದ ಭಾಷಣಕ್ಕಿಂತ ಆ ಹುಡುಗನ ಒಂದು ಪ್ರಶ್ನೆ ಹೆಚ್ಚು ಕೆಲಸ ಮಾಡಿತು.

ಬರೆದದ್ದನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಟಿಕ್‌ಟಾಕ್ ಭಾರತದಲ್ಲಿ 2020ರ ಜೂನ್ 29ರ ಆದೇಶದೊಂದಿಗೆ ನಿಷೇಧವಾಯಿತು. ಹಳ್ಳಿಯ ಮೂಲೆಯಲ್ಲಿ ಕೂತು ವರ್ಷಗಟ್ಟಲೆ ಕಟ್ಟಿಕೊಂಡ ಕೇಳುಗರನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡ ಪ್ರತಿಭಾವಂತರು ನಮ್ಮ ಕಡೆಯೇ ಇದ್ದಾರೆ. ಬಾಡಿಗೆ ಮನೆಯ ಅಂಗಳದಲ್ಲಿ ತೆಂಗು ನೆಟ್ಟ ಹಾಗೆ. ಈ ಬ್ಲಾಗನ್ನು ನಾನು ಇನ್ನೂ ಬಿಡದಿರುವುದು ಅದಕ್ಕೇ, ಮತ್ತು ಬರೆದ ಪ್ರತಿಯೊಂದರ ನಕಲನ್ನು ಬೇರೆ ಕಡೆ ಇಟ್ಟಿರುವುದೂ ಅದಕ್ಕೇ.

ಆ ಹುಡುಗಿಯ ವಿಷಯಕ್ಕೆ ಮರಳುತ್ತೇನೆ. ಕೇಳುವವರು ಹೆಚ್ಚಾದಂತೆ ಒಂದು ಮಂಡಿಯವರು ಅವಳನ್ನು ಕಂಡು, ದರ ಹೇಳುವ ಮುಂಚೆ ತಮ್ಮ ಮಂಡಿಯ ಹೆಸರು ಹೇಳಿದರೆ ತಿಂಗಳಿಗೆ ಎರಡು ಸಾವಿರ ಕೊಡುತ್ತೇವೆ ಎಂದರು. ಎರಡು ಸಾವಿರ ಎಂದರೆ ಅವಳಿಗೆ ಸಣ್ಣ ಮೊತ್ತವಲ್ಲ. ಬಸ್ ಖರ್ಚು, ಪರೀಕ್ಷಾ ಶುಲ್ಕ, ತಮ್ಮನ ಪುಸ್ತಕ. ನಾನು ಬೇಡ ಎಂದು ಹೇಳಲಿಲ್ಲ, ಹೇಳುವ ಹಕ್ಕು ನನಗಿದೆ ಎನಿಸಲಿಲ್ಲ. ಜಾಹೀರಾತು ತೆಗೆದುಕೊಳ್ಳುವುದು ತಪ್ಪಲ್ಲ, ಜಾಹೀರಾತು ಎಂದು ಹೇಳಿ ತೆಗೆದುಕೋ, ಆದರೆ ಯಾರ ಬೆಲೆಯ ಬಗ್ಗೆ ನೀನು ಹೇಳುತ್ತೀಯೋ ಅವರ ಹಣ ಬಂದರೆ ಕೇಳುವವರಿಗೆ ಏನನ್ನಿಸುತ್ತದೆ ಎಂದು ಯೋಚಿಸು ಎಂದೆ. ಎರಡು ದಿನ ಬಿಟ್ಟು ಬಂದು, "ಆಗಲ್ಲ ಮೇಡಂ, ಆ ಅಜ್ಜನ ಮುಖ ನೋಡಕ್ಕಾಗಲ್ಲ" ಎಂದಳು. ಈಗ ಸಂಜೆ ಹೊತ್ತು ಒಂದು ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಮಾಡುತ್ತಾಳೆ. ಅವಳ ಅಪ್ಪನಿಗೆ ಈ ನಿರ್ಧಾರ ಇನ್ನೂ ಒಪ್ಪಿಗೆಯಾಗಿಲ್ಲ.

2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ, ಎಣ್ಣೆ ಕೊಬ್ಬರಿಗೆ 11,160 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಗುಂಪುಗಳಲ್ಲಿ ಎರಡೂ ಕಲಸಿಹೋಗಿ ಜನ ಗಲಿಬಿಲಿಗೊಂಡಿದ್ದಾಗ, ನಮ್ಮದು ಉಂಡೆ, ನಮಗೆ ಅನ್ವಯಿಸುವುದು ಇದು, ಎಂದು ಎರಡು ವಾಕ್ಯದಲ್ಲಿ ಬಿಡಿಸಿ ಹೇಳಿದವಳೂ ಅವಳೇ. ಆ ಸಂದೇಶ ತಿರುಗಿ ತಿರುಗಿ ನನ್ನ ಅತ್ತೆಯ ಫೋನಿಗೂ ಬಂತು. ಕಳಿಸಿದವರಿಗೆ ಅದು ಯಾರ ದನಿ ಎಂದು ಗೊತ್ತಿರಲಿಲ್ಲ.

ಹೋದ ತಿಂಗಳು ಒಂದು ಹರಾಜಿನ ದಿನ ಏನೋ ತೊಂದರೆಯಾಗಿ ದರದ ಪಟ್ಟಿ ಹೊತ್ತಿಗೆ ಬರಲಿಲ್ಲ. ಅಷ್ಟರಲ್ಲಿ ಗುಂಪುಗಳಲ್ಲಿ ಒಂದು ಭಾರಿ ಅಂಕಿ ಓಡತೊಡಗಿತ್ತು, ಬೆಂಕಿಯ ಚಿತ್ರದ ಸಮೇತ. ಏಳು ಗಂಟೆಗೆ ಅವಳ ಧ್ವನಿ ಬಂತು. ಹಿಂದೆ ಲಾರಿಯ ಸದ್ದು, ಯಾರೋ ಚೀಲ ಸುರಿಯುತ್ತಿದ್ದಾರೆ, ಗಿಟುಕುಗಳು ಒಂದರ ಮೇಲೊಂದು ಉರುಳುವ ಕಟಕಟ.

"ನಮಸ್ಕಾರ. ಇವತ್ತಿನ ಪಟ್ಟಿ ಇನ್ನೂ ಬಂದಿಲ್ಲ. ಗ್ರೂಪಲ್ಲಿ ಓಡಾಡ್ತಿರೋ ರೇಟು ನಾನು ಹೇಳಿದ್ದಲ್ಲ, ಯಾರು ಹೇಳಿದ್ದು ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಅದನ್ನ ನಂಬ್ಕೊಂಡು ಗಾಡಿ ಹೇಳ್ಬೇಡಿ. ನಾನು ಯಾರ್ಡಲ್ಲೇ ಇದೀನಿ, ಬಂದ್ಮೇಲೆ ಹೇಳ್ತೀನಿ."

ಪಟ್ಟಿ ಬಂದಾಗ ರಾತ್ರಿ ಒಂಬತ್ತೂವರೆ. ಆ ನಡುವೆ ಅವಳಿಗೆ ಬಂದಿದ್ದ ಒಂದು ಉತ್ತರವನ್ನು ಮರುದಿನ ನನಗೆ ಕೇಳಿಸಿದಳು. ಮುದಿ ದನಿ, ಫೋನನ್ನು ಬಾಯಿಗೆ ತೀರಾ ಹತ್ತಿರ ಹಿಡಿದು ಮಾತಾಡಿದ್ದು.

"ಇಲ್ಲ ಕಣವ್ವ, ಗಾಡಿ ಹೇಳಿಲ್ಲ. ಕತ್ಲಾಯ್ತು, ಮೊದ್ಲು ನೀನು ಮನೆಗೆ ಹೋಗು."